ದಿನಸಿ ಅಂಗಡಿಯ ಪಕ್ಕದ ಕಚೇರಿ

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಪೋರ್ಟಾರ್ಲಿಂಗ್ಟನ್ ಒಂದು ಸಣ್ಣ ಪಟ್ಟಣ. ಹತ್ತು ಹನ್ನೆರಡು ವರ್ಷಗಳ ಹಿಂದೆ ಅಲ್ಲಿನ ದಿನಸಿ ಅಂಗಡಿಯೊಂದರ ಪಕ್ಕದಲ್ಲಿ ಆ ದೇಶದ ದತ್ತಾಂಶ ರಕ್ಷಣಾ ಆಯುಕ್ತರ, ಅಂದರೆ ಜನರ ಖಾಸಗಿ ಮಾಹಿತಿ ದುರ್ಬಳಕೆಯಾಗದಂತೆ ಕಾಯುವ ಅಧಿಕಾರಿಯ, ಕಚೇರಿ ಇತ್ತು. ಒಂದು ಬಾಗಿಲಲ್ಲಿ ಹಾಲು, ಬ್ರೆಡ್ಡು. ಪಕ್ಕದ ಬಾಗಿಲಲ್ಲಿ ಫೇಸ್‌ಬುಕ್‌ನಂಥ ಕಂಪನಿಯಿಂದ ಲೆಕ್ಕ ಕೇಳುವ ಅಧಿಕಾರ!

2013ರಲ್ಲಿ ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಎಂಬ ಯುವಕ ಈ ಆಯುಕ್ತರಿಗೆ ದೂರು ಕೊಟ್ಟರು. ಫೇಸ್‌ಬುಕ್ ನನ್ನ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸುತ್ತಿದೆ, ಅಲ್ಲಿನ ಗೂಢಚಾರರಿಂದ ಅದಕ್ಕೆ ರಕ್ಷಣೆಯಿಲ್ಲ ಎಂಬುದು ಅವರ ತಕರಾರು. ಅಮೆರಿಕಕ್ಕೆ ಮಾಹಿತಿ ಕಳಿಸುವ ಏರ್ಪಾಟು ಸರಿಯಿದೆ ಎಂದು ಐರೋಪ್ಯ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗವೇ ಹೇಳಿದೆಯಲ್ಲ ಎಂದು ಆಯುಕ್ತರು ವಿಚಾರಣೆಗೇ ಇಳಿಯಲಿಲ್ಲ. 2015ರ ಅಕ್ಟೋಬರ್ 6ರಂದು ಆ ಒಕ್ಕೂಟದ ಐರೋಪ್ಯ ನ್ಯಾಯಾಲಯ ಆ ಏರ್ಪಾಟನ್ನೇ ರದ್ದು ಮಾಡಿತು. ಜೊತೆಗೆ ಮೇಲ್ವಿಚಾರಣಾ ಪ್ರಾಧಿಕಾರಗಳಿಗೆ, ಅಂದರೆ ಒಕ್ಕೂಟದ ದೇಶಗಳಲ್ಲಿರುವ ಇಂಥ ಆಯುಕ್ತರ ಕಚೇರಿಗಳಿಗೆ, ಒಂದು ಮಾತು ಹೇಳಿತು: ಮೇಲಿನವರು ಒಪ್ಪಿದ್ದಾರೆಂದು ನೀವು ಕೈಕಟ್ಟಿ ಕೂರುವಂತಿಲ್ಲ, ದೂರನ್ನು ಸ್ವತಂತ್ರವಾಗಿ ಪರಿಶೀಲಿಸಲೇಬೇಕು.

ಈ ಸ್ವಾತಂತ್ರ್ಯ ಬರಿಯ ಅಲಂಕಾರವಲ್ಲ. ಹಂಗೆರಿ ಸರ್ಕಾರ ತನ್ನ ಆಯುಕ್ತರನ್ನು ಅವಧಿ ಮುಗಿಯುವ ಮೊದಲೇ ಮನೆಗೆ ಕಳಿಸಿದಾಗ, ಅದು ತಪ್ಪೆಂದು ಇದೇ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತ್ತು.

2018ರ ಮೇ 25ರಿಂದ ಐರೋಪ್ಯ ಒಕ್ಕೂಟದ ಹೊಸ ದತ್ತಾಂಶ ರಕ್ಷಣಾ ಕಾನೂನು ಜಾರಿಯಾಯಿತು. ಈಗ ಪ್ರಾಧಿಕಾರ ಕಡತ ತರಿಸಬಹುದು, ದತ್ತಾಂಶ ಬಳಕೆಯನ್ನೇ ನಿಲ್ಲಿಸಬಹುದು, ಕಂಪನಿಯ ಜಾಗತಿಕ ವಹಿವಾಟಿನ ನೂರಕ್ಕೆ ನಾಲ್ಕರವರೆಗೆ ದಂಡ ಹಾಕಬಹುದು. ದೂರು ಕೊಡುವವರು ಯಾವ ದೇಶದ ಪ್ರಜೆ ಎಂದು ಯಾರೂ ಕೇಳುವುದಿಲ್ಲ. ಡಬ್ಲಿನ್‌ನಲ್ಲಿ ನೆಲೆಸಿದ ಕನ್ನಡಿಗರಿಗೂ ಆ ಹಕ್ಕಿದೆ.

ತೊಡಕು ಬೇರೆಡೆ ಇದೆ. ಕಂಪನಿಯ ಯೂರೋಪಿನ ಮುಖ್ಯ ಕಚೇರಿ ಎಲ್ಲಿದೆಯೋ ಅಲ್ಲಿನ ಪ್ರಾಧಿಕಾರವೇ ಮುಂದಾಳು. ದೈತ್ಯ ಕಂಪನಿಗಳು ಹಲವು ಡಬ್ಲಿನ್‌ನಲ್ಲೇ ಬೀಡುಬಿಟ್ಟಿವೆ. ಹೀಗಾಗಿ ಒಂದು ಪುಟ್ಟ ದೇಶದ ತಲೆಯ ಮೇಲೆ ಇಡೀ ಖಂಡದ ಹೊರೆ. ಅದು ಮೆದುವಾದರೆ ಉಳಿದವರು ತಗಾದೆ ತೆಗೆಯಬಹುದು. ವಾಟ್ಸ್‌ಆ್ಯಪ್ ಪ್ರಕರಣದಲ್ಲಿ ಐರ್ಲೆಂಡ್ ಸೂಚಿಸಿದ್ದು 3ರಿಂದ 5 ಕೋಟಿ ಯೂರೊ ದಂಡ. ಜರ್ಮನಿ ಮೊದಲಾದವರು ಒಪ್ಪಲಿಲ್ಲ. ಎಲ್ಲ ಪ್ರಾಧಿಕಾರಗಳ ಮಂಡಳಿ ಹೆಚ್ಚಿಸಲು ಹೇಳಿದ ಮೇಲೆ 2021ರಲ್ಲಿ ದಂಡ 22.5 ಕೋಟಿಗೆ ಏರಿತು. ಚೌಕಾಸಿಯಲ್ಲಿ ಬೆಲೆ ಇಳಿಯುವುದನ್ನು ಕಂಡಿದ್ದೇವೆ, ಇಲ್ಲಿ ಏರಿತು.

ಶ್ರೆಮ್ಸ್ ಎತ್ತಿದ್ದ ಪ್ರಶ್ನೆ ಹತ್ತು ವರ್ಷ ಅಲೆಯಿತು. 2023ರ ಮೇ ತಿಂಗಳಲ್ಲಿ ಅದೇ ಮಂಡಳಿಯ ಒತ್ತಾಯದಿಂದ ಐರ್ಲೆಂಡ್ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ಹಾಕಿ, ಅಮೆರಿಕಕ್ಕೆ ಮಾಹಿತಿ ಸಾಗಿಸುವುದನ್ನು ನಿಲ್ಲಿಸಲು ಸುಮಾರು ಐದು ತಿಂಗಳ ಗಡುವು ಕೊಟ್ಟಿತು. ಗಡುವು ಮುಗಿಯುವ ಮೊದಲೇ, ಜುಲೈ 10ರಂದು, ಅಮೆರಿಕದೊಂದಿಗಿನ ಹೊಸ ಏರ್ಪಾಟಿಗೆ ಐರೋಪ್ಯ ಆಯೋಗ ಮತ್ತೆ ಒಪ್ಪಿಗೆ ಕೊಟ್ಟಿತು.