ಚಿಲಿಕಾಗೆ ಹೋದರೆ ಮೊದಲು ದೋಣಿ ಹತ್ತಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಡಿಶಾದ ಚಿಲಿಕಾ ಸರೋವರಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪುರಿಗೆ ಹೋದವರೆಲ್ಲ ಮಾಡುವುದನ್ನೇ ಮಾಡಿದೆ. ಜಗನ್ನಾಥನ ದರ್ಶನ ಮುಗಿಯಿತು, ಅರ್ಧ ದಿನ ಉಳಿಯಿತು. ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸರೋವರದ ದಡದಲ್ಲಿರುವ ಸಾತಪಡಾಕ್ಕೆ ಓಡಿದೆ. ಕಾರಿನಿಂದ ಇಳಿದವನೇ ದೋಣಿ ಹತ್ತಿದೆ. ಡಾಲ್ಫಿನ್ ತೋರಿಸುತ್ತೇವೆ ಅಂದರು. ಒಂದು ಕಡೆ ಐದಾರು ದೋಣಿಗಳು ಸುತ್ತುತ್ತಿದ್ದವು, ನಮ್ಮದೂ ಸೇರಿಕೊಂಡಿತು. ಎಂಜಿನ್ ಸದ್ದು, ಡೀಸೆಲ್ ವಾಸನೆ, ಎಲ್ಲರೂ ಎದ್ದು ನಿಂತು ಕೂಗಾಟ. ಬೂದುಬಣ್ಣದ ಬೆನ್ನೊಂದು ಒಂದು ಕ್ಷಣ ಕಂಡಿತು, ಮುಳುಗಿತು. ನೋಡಿಯಾಯಿತು ಅಂದುಕೊಂಡು ವಾಪಸ್ ಬಂದೆ.

ನಾನು ಅವತ್ತು ನೋಡಿದ್ದು ಬರೀ ನೀರು ಅಂತ ಗೊತ್ತಾಗಿದ್ದು ಎರಡನೇ ಸಲ ಹೋದಾಗ.

ಸಾತಪಡಾದಲ್ಲೇ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರದ ಸಂದರ್ಶಕರ ಕೇಂದ್ರ ಇದೆ. ಮೊದಲ ಸಲ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಈ ಸಲ ಬೆಳಿಗ್ಗೆ ಮೊದಲು ಅಲ್ಲಿಗೇ ಹೋದೆ. ಇಂಥ ಕೇಂದ್ರ ಅಂದರೆ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಜಾಗ ಅಂತ ನಮಗೆಲ್ಲ ಒಂದು ಅಭಿಪ್ರಾಯ ಇರುತ್ತದೆ, ಅಲ್ವಾ? ನನಗೂ ಇತ್ತು. ಆದರೆ ಸರೋವರದ ಬಗ್ಗೆ ಒಂದು ಗಂಟೆ ಸಮಾಧಾನವಾಗಿ ತಿಳಿದುಕೊಂಡು ಹೊರಗೆ ಬಂದಾಗ ಅದೇ ನೀರು ಬೇರೆ ಥರ ಕಾಣಿಸಿತು.

ಚಿಲಿಕಾ ನಿಂತ ನೀರಿನ ಕೆರೆಯಲ್ಲ. ಒಂದು ಕಡೆಯಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ, ಲೂನಾ ಬಂದು ಸೇರುತ್ತವೆ. ಧೌಲಿ ಬೆಟ್ಟದ ಪಕ್ಕ, ಅಶೋಕನ ಶಾಸನದ ಹತ್ತಿರ ಹರಿಯುವುದೂ ಇದೇ ದಯಾ ನದಿ. ಇನ್ನೊಂದು ಕಡೆ ಬಂಗಾಳ ಕೊಲ್ಲಿ. ನಡುವೆ ಇರುವುದು ಉದ್ದಕ್ಕೆ ಮಲಗಿದ ಒಂದು ಮರಳ ದಿಬ್ಬ. ಆ ದಿಬ್ಬದಲ್ಲಿ ಎಲ್ಲಿ ಅಳಿವೆ ತೆರೆದಿರುತ್ತದೋ ಅಲ್ಲಿಂದ ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ. ಸಿಹಿ, ಉಪ್ಪು ಎರಡೂ ಬೆರೆತು ಸವುಳು ನೀರಾಗುತ್ತದೆ. ಮಳೆಗಾಲದಲ್ಲಿ ಸರೋವರ ಸುಮಾರು 1,165 ಚದರ ಕಿಲೋಮೀಟರ್ ಹರಡಿಕೊಂಡರೆ, ಬೇಸಿಗೆಯಲ್ಲಿ 906ರ ಆಸುಪಾಸಿಗೆ ಇಳಿಯುತ್ತದೆ. ಮೀನು, ಸೀಗಡಿ, ಏಡಿ, ಹಕ್ಕಿ, ಡಾಲ್ಫಿನ್, ಸುತ್ತಲಿನ ಊರುಗಳ ಸುಮಾರು 2 ಲಕ್ಷ ಮೀನುಗಾರರ ಊಟ, ಎಲ್ಲವೂ ಈ ಬೆರಕೆಯ ಹದದ ಮೇಲೆ ನಿಂತಿದೆ.

ಆ ಹದ ಒಮ್ಮೆ ಕೆಟ್ಟಿತ್ತು. ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಒಂದು ಪಟ್ಟಿ ಇದೆ, ರಾಮ್ಸಾರ್ ಪಟ್ಟಿ ಅಂತ. 1981ರಲ್ಲಿ ನಮ್ಮ ದೇಶದಿಂದ ಅದಕ್ಕೆ ಸೇರಿದ ಮೊದಲ ಜಾಗಗಳಲ್ಲಿ ಚಿಲಿಕಾ ಒಂದು. ಆದರೆ ನದಿಗಳು ತಂದ ಹೂಳು ತುಂಬಿತು, ಅಳಿವೆ ದೂರ ಸರಿದು ಕಟ್ಟಿಕೊಳ್ಳತೊಡಗಿತು. ಉಪ್ಪು ಕಡಿಮೆಯಾದ ನೀರಲ್ಲಿ ಕಳೆ ಹಬ್ಬಿತು. ಸಮುದ್ರದಿಂದ ಮೀನು, ಸೀಗಡಿ ಮರಿಗಳು ಒಳಗೆ ಬರುವ ದಾರಿಯೇ ಮುಚ್ಚಿದರೆ ಬಲೆಗೆ ಬೀಳುವುದೇನು? 1993ರಲ್ಲಿ ಇದನ್ನು ಅಪಾಯದಲ್ಲಿರುವ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿದರು. ಪ್ರಾಧಿಕಾರದವರು ಅಧ್ಯಯನ ಮಾಡಿಸಿ, 2000ದ ಸೆಪ್ಟೆಂಬರ್‌ನಲ್ಲಿ ಸಾತಪಡಾದ ಹತ್ತಿರವೇ ಮರಳ ದಿಬ್ಬವನ್ನು ಕಡಿದು ಹೊಸ ಅಳಿವೆ ತೆರೆದರು. ಉಪ್ಪುನೀರು ಮತ್ತೆ ನುಗ್ಗಿತು. ಮೀನು ಮರಳಿದವು, ಕಳೆ ಹಿಂದೆ ಸರಿಯಿತು. 2002ರಲ್ಲಿ ಆ ಅಪಾಯದ ಪಟ್ಟಿಯಿಂದ ಚಿಲಿಕಾದ ಹೆಸರು ತೆಗೆದರು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ಜಾಗ ಇದು. ಸತ್ತೇ ಹೋಯಿತು ಅಂದುಕೊಂಡಿದ್ದ ಸರೋವರ ಎರಡೇ ವರ್ಷದಲ್ಲಿ ಉಸಿರಾಡಿತು ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇಷ್ಟು ತಿಳಿದ ಮೇಲೆ ದೋಣಿ ಹತ್ತಿದೆ. ದೋಣಿಯವರಿಗೆ ಒಂದೇ ಮಾತು ಹೇಳಿದೆ. ಅಣ್ಣಾ, ಡಾಲ್ಫಿನ್ ಹಿಂದೆ ಓಡಿಸಬೇಡಿ, ದೂರದಲ್ಲೇ ಎಂಜಿನ್ ನಿಲ್ಲಿಸಿ, ಕಾಯೋಣ. ಅವರಿಗೆ ಆಶ್ಚರ್ಯ, ಆಮೇಲೆ ಖುಷಿ. ಹತ್ತು ನಿಮಿಷ ಏನೂ ಇಲ್ಲ. ದೋಣಿಯ ಬದಿಗೆ ನೀರು ಬಡಿಯುವ ಸದ್ದು ಅಷ್ಟೇ. ಆಮೇಲೆ ಎಡಗಡೆ "ಫುಸ್" ಅಂತ ಒಂದು ಉಸಿರು. ಡಾಲ್ಫಿನ್ ಮೊದಲು ಕಿವಿಗೆ ಸಿಗುತ್ತದೆ, ಕಣ್ಣಿಗೆ ಆಮೇಲೆ. ಇದು ಇರವಾಡಿ ಡಾಲ್ಫಿನ್. ಚಿತ್ರಗಳಲ್ಲಿ ನೋಡುವ ಉದ್ದ ಮೂತಿ ಇದಕ್ಕಿಲ್ಲ. ಉರುಟು ತಲೆ, ಬೆನ್ನ ಮೇಲೆ ಮೊಂಡಾದ ಪುಟ್ಟ ರೆಕ್ಕೆ. ನೆಗೆದು ಆಟ ತೋರಿಸುವುದು ಅಪರೂಪ. ಮೆಲ್ಲಗೆ ಮೇಲೆ ಬಂದು, ಉಸಿರೆಳೆದು, ಮೆಲ್ಲಗೆ ಇಳಿಯುತ್ತದೆ. ಅಳಿವಿನಂಚಿನ ಪ್ರಾಣಿ. ಚಿಲಿಕಾದಲ್ಲಿ ಇರುವುದು ಇನ್ನೂರರ ಒಳಗೆ. ನಾವು ಎಂಜಿನ್ ಹಾಕಿಕೊಂಡು ಅಟ್ಟಿಸಿಕೊಂಡು ಹೋದರೆ ಅದು ಎಲ್ಲಿ ಹೋಗಬೇಕು ಹೇಳಿ.

ಸರೋವರದ ಪಶ್ಚಿಮ ದಡದ ಕಡೆಯೂ ನೋಡುವುದು ಜಾಸ್ತಿ ಇದೆ. ಹೌರಾ–ಚೆನ್ನೈ ರೈಲು ದಾರಿಯಲ್ಲಿ ಬಾಲುಗಾಂವ್ ನಿಲ್ದಾಣ ಸಿಗುತ್ತದೆ, ಹತ್ತಿರವೇ ಬರ್ಕುಲ್. ಅಲ್ಲಿಂದ ದೋಣಿಯಲ್ಲಿ ಕಾಳಿಜಾಯಿ ದೇವಿಯ ದ್ವೀಪಕ್ಕೆ ಹೋಗಬಹುದು. ಜಾಯಿ ಅನ್ನುವ ಹುಡುಗಿ ಮದುವೆಯಾಗಿ ಗಂಡನ ಮನೆಗೆ ದೋಣಿಯಲ್ಲಿ ಹೊರಟಿದ್ದಳಂತೆ. ಬಿರುಗಾಳಿಗೆ ದೋಣಿ ಮಗುಚಿತು. ಉಳಿದವರೆಲ್ಲ ಸಿಕ್ಕರು, ಅವಳು ಮಾತ್ರ ಸಿಗಲಿಲ್ಲ. ಅವಳೇ ಈ ದೇವಿ ಅಂತ ಜನ ನಂಬುತ್ತಾರೆ. ನೀರಿಗೆ ಇಳಿಯುವ ಮೀನುಗಾರರು ಅವಳನ್ನು ಯಾಕೆ ನೆನೆಯುತ್ತಾರೆ ಅಂತ ಬೇರೆ ವಿವರಿಸಬೇಕಾಗಿಲ್ಲ. ಮಕರ ಸಂಕ್ರಾಂತಿಗೆ ದೊಡ್ಡ ಜಾತ್ರೆ. ನಳಬಣ ಅನ್ನುವ ಪಕ್ಷಿಧಾಮವೂ ಸರೋವರದ ಒಳಗೇ ಇದೆ. ಮಳೆಗಾಲದಲ್ಲಿ ಆ ದ್ವೀಪ ಮುಳುಗಿರುತ್ತದೆ, ಚಳಿಗಾಲಕ್ಕೆ ಮೇಲೆ ಬರುತ್ತದೆ, ರಾಜಹಂಸಗಳು ಇಳಿಯುತ್ತವೆ. ಅದನ್ನು ದೂರದಿಂದಲೇ ನೋಡಿ ಬರಬೇಕು.

ಆದರೆ ನಿಮಗೆ ಒಂದೇ ದಿನ ಇದೆ ಅಂದರೆ, ನಾನು ಹೇಳುವುದು ಮಂಗಳಾಜೋಡಿ. ಸರೋವರದ ಉತ್ತರ ಅಂಚಿನ ಹಳ್ಳಿ ಅದು, ಭುವನೇಶ್ವರದಿಂದ ಎರಡು ಗಂಟೆಯ ಒಳಗಿನ ದಾರಿ. ಒಂದು ಕಾಲದಲ್ಲಿ ಬೇಟೆಗಾರರ ಊರು ಅಂತಲೇ ಹೆಸರಾಗಿತ್ತು. ಚಳಿಗಾಲಕ್ಕೆ ಬರುವ ಹಕ್ಕಿಗಳನ್ನು ವಿಷ ಇಟ್ಟು, ಬಲೆ ಹಾಕಿ, ಗುಂಡು ಹೊಡೆದು ಮಾಂಸಕ್ಕೆ ಮಾರುತ್ತಿದ್ದರು. ಪರಿಸರ ಕಾರ್ಯಕರ್ತರು ಬಂದು ವರ್ಷಗಟ್ಟಲೆ ಮಾತಾಡಿದ ಮೇಲೆ ಊರಿನವರೇ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡರು. ಬೇಟೆಯಾಡಿದವರೇ ಕಾವಲಿಗೆ ನಿಂತರು. ಈಗ ಅವರೇ ದೋಣಿ ನಡೆಸುತ್ತಾರೆ, ಅವರೇ ಹಕ್ಕಿ ತೋರಿಸುತ್ತಾರೆ.

ಇಲ್ಲಿ ಎಂಜಿನ್ ಇಲ್ಲ. ಚಪ್ಪಟೆ ತಳದ ಮರದ ದೋಣಿ, ಉದ್ದನೆಯ ಬಿದಿರಿನ ಗಳ. ಜೊಂಡಿನ ನಡುವೆ ನುಸುಳಿಕೊಂಡು ಹೋಗುತ್ತೇವೆ. ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್ ಹಕ್ಕಿಗಳ ಗುಂಪು ಎಷ್ಟು ಹತ್ತಿರ ಇತ್ತು ಅಂದರೆ, ಅವುಗಳ ಉದ್ದ ಕೊಕ್ಕು ಬುಡದವರೆಗೂ ಕೆಸರಿಗೆ ಇಳಿಯುವುದು, ಎಳೆದಾಗ ತುದಿಯಿಂದ ಕೆಸರು ತೊಟ್ಟಿಕ್ಕುವುದು ಕೂಡ ಕಾಣುತ್ತಿತ್ತು. ಹಾರಲಿಲ್ಲ. ಮನುಷ್ಯರನ್ನು ಕಂಡರೆ ಅವು ಹೆದರುವುದನ್ನು ಬಿಟ್ಟಿವೆ.

ನಮ್ಮ ದೋಣಿಯವರಿಗೆ ಅರವತ್ತು ದಾಟಿರಬೇಕು. ನಾನು ದುರ್ಬೀನು ಹಿಡಿದು ಹುಡುಕುತ್ತಿದ್ದೆ. ಅವರು ಗಳ ಊರಿ ನಿಂತು, ಜೊಂಡಿನ ಒಳಗಿನ ಸದ್ದು ಕೇಳಿಯೇ ಯಾವ ಹಕ್ಕಿ ಅಂತ ಹೇಳಿದರು. ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗ ಹೊಡೆಯೋಕೆ ಕಲಿತಿದ್ದು," ಅಂದರು. ಆಮೇಲೆ ಮಡಿಲಿಂದ ಮಾಸಿದ ಹಕ್ಕಿ ಪುಸ್ತಕ ತೆಗೆದು, ಪುಟ ತಿರುವಿ, ಆ ಹಕ್ಕಿಯ ಚಿತ್ರದ ಮೇಲೆ ಬೆರಳಿಟ್ಟು ನನ್ನ ಕಡೆ ಚಾಚಿದರು.

ನಮಸ್ಕಾರ.