ಮಳೆ ರಜೆಗೊಂದು ಸೂಪರ್‌ಹೀರೋ ಸಂಸಾರ

ಕೇಳುಗರೆ, ನಮಸ್ಕಾರ.

ಜುಲೈ ತಿಂಗಳಲ್ಲಿ ಸಕಲೇಶಪುರ, ಆಲೂರು ಕಡೆ ಶಾಲೆಗೆ ಮಳೆ ರಜೆ ಕೊಟ್ಟರೆ ಮಕ್ಕಳಿಗೆ ಖುಷಿ, ದೊಡ್ಡವರಿಗೆ ತಲೆನೋವು. ಅಂಗಳಕ್ಕೆ ಇಳಿಯುವ ಹಾಗಿಲ್ಲ. ಕರೆಂಟು ಇದ್ದರೆ ಟಿವಿಯೇ ಗತಿ. ಕಾರ್ಟೂನ್ ಹಾಕಿದರೆ ದೊಡ್ಡವರು ಎದ್ದು ಹೋಗುತ್ತಾರೆ, ಧಾರಾವಾಹಿ ಹಾಕಿದರೆ ಮಕ್ಕಳು ಮುಖ ಊದಿಸುತ್ತಾರೆ. ಅಂಥ ಹೊತ್ತಿಗೆ ನಾನು ಹೇಳುವ ಚಿತ್ರ ‘ದಿ ಇನ್‌ಕ್ರೆಡಿಬಲ್ಸ್’. ಪಿಕ್ಸಾರ್ ಸಂಸ್ಥೆ ಮಾಡಿದ ಅನಿಮೇಷನ್ ಚಿತ್ರ, ಬಂದದ್ದು 2004ರಲ್ಲಿ. ಬರೆದು ನಿರ್ದೇಶಿಸಿದವರು ಬ್ರಾಡ್ ಬರ್ಡ್. ಹಳೆಯದಾಯಿತಲ್ವಾ ಅಂತ ತಳ್ಳಿಹಾಕಬೇಡಿ. ಇದರಲ್ಲಿರುವ ಮನೆಜಗಳ ಇನ್ನೂ ಹಳೆಯದಾಗಿಲ್ಲ.

ಕಥೆ ಹೀಗಿದೆ. ಸೂಪರ್‌ಹೀರೋಗಳ ಮೇಲೆ ಜನ ಕೇಸು ಹಾಕುತ್ತಾರೆ. ಸರ್ಕಾರ ಅವರಿಗೆ, ಆ ಕೆಲಸ ಬಿಡಿ, ಎಲ್ಲರ ಹಾಗೆ ಬದುಕಿ ಅನ್ನುತ್ತದೆ. ಹದಿನೈದು ವರ್ಷ ಕಳೆದ ಮೇಲೆ ನೋಡಿದರೆ ನಾಯಕ ಬಾಬ್‌ಗೆ ಹೊಟ್ಟೆ ಬಂದಿದೆ. ವಿಮಾ ಕಂಪನಿಯಲ್ಲಿ ಗುಮಾಸ್ತಿಕೆ. ಕಟ್ಟಡ ಎತ್ತುತ್ತಿದ್ದ ಕೈಯಲ್ಲಿ ಈಗ ಫೈಲು. ಒಬ್ಬ ಅಜ್ಜಿಗೆ ಕ್ಲೇಮಿನ ಹಣ ಹೇಗೆ ಪಡೆಯಬೇಕು ಅಂತ ಕದ್ದು ಹೇಳಿಕೊಡುತ್ತಾನೆ. ಯಾವುದೋ ಕಚೇರಿಗೆ ಹಣಕ್ಕಾಗಿ ಅಲೆದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಆ ದೃಶ್ಯದಲ್ಲಿ ಅವರ ಮುಖ ನೋಡಿ.

ಇನ್ನು ಮನೆಯವರ ಶಕ್ತಿಗಳು. ಅಪ್ಪನಿಗೆ ಬಲ. ಅಮ್ಮ ಹೆಲೆನ್ ರಬ್ಬರಿನ ಹಾಗೆ ಎಷ್ಟು ಬೇಕಾದರೂ ಹಿಗ್ಗುತ್ತಾಳೆ. ಮಗಳು ವಯಲೆಟ್ ಕಣ್ಣಿಗೆ ಕಾಣದಂತೆ ಮಾಯವಾಗುತ್ತಾಳೆ, ಸುತ್ತ ಗುರಾಣಿಯನ್ನೂ ಹರಡಬಲ್ಲಳು. ಮಗ ಡ್ಯಾಶ್‌ಗೆ ಗಾಳಿಯ ವೇಗ. ಮನೆಯಲ್ಲಿ ಒಬ್ಬೊಬ್ಬರ ಪಾಡು ನೋಡಿಯೇ ಈ ಶಕ್ತಿಗಳನ್ನು ಹಂಚಿದ್ದಾಗಿ ಬರ್ಡ್ ಹೇಳಿದ್ದಾರೆ. ಅಪ್ಪ ಗಟ್ಟಿಯಾಗಿರಬೇಕು. ಅಮ್ಮನನ್ನು ಹತ್ತು ಕಡೆಯಿಂದ ಎಳೆಯುತ್ತಾರೆ. ಹೈಸ್ಕೂಲು ಹುಡುಗಿಗೆ ಯಾರ ಕಣ್ಣಿಗೂ ಬೀಳದಿದ್ದರೆ ಸಾಕು. ಹತ್ತು ವರ್ಷದ ಹುಡುಗ ಒಂದು ಕಡೆ ಕೂತರೆ ಕೇಳಿ. ತೊಟ್ಟಿಲಲ್ಲೊಂದು ಕೂಸೂ ಇದೆ, ಅದರ ಕೈಯಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು? ಚಿತ್ರ ಮನೆಮಂದಿಗೆಲ್ಲ ಹಿಡಿಸುವ ಗುಟ್ಟು ಇಲ್ಲೇ ಇದೆ. ಸೋಫಾದ ಮೇಲೆ ಕೂತವರೆಲ್ಲ ಪರದೆಯ ಮೇಲೂ ಇದ್ದಾರೆ.

ಊಟದ ದೃಶ್ಯ ತೆಗೆದುಕೊಳ್ಳಿ. ಡ್ಯಾಶ್ ಮೇಷ್ಟ್ರ ಕುರ್ಚಿ ಮೇಲೆ ಮೊಳೆ ಇಟ್ಟು ದೂರು ತಂದಿದ್ದಾನೆ. ಕ್ಯಾಮೆರಾ ಇಟ್ಟರೂ ಸಿಕ್ಕಿಬಿದ್ದಿಲ್ಲ. ಅಮ್ಮ ಗದರುತ್ತಿದ್ದರೆ ಅಪ್ಪ ಕಣ್ಣರಳಿಸಿ, ಎಷ್ಟು ಸ್ಪೀಡಲ್ಲಿ ಓಡಿದೆ ಅಂತ ಕೇಳುತ್ತಾನೆ! ಅಷ್ಟರಲ್ಲಿ ಡ್ಯಾಶ್ ಶಾಲೆಯ ಒಬ್ಬ ಹುಡುಗನ ಹೆಸರೆತ್ತಿ ಅಕ್ಕನನ್ನು ರೇಗಿಸುತ್ತಾನೆ. ಶುರುವಾಯಿತು ಕಿತ್ತಾಟ. ಅಮ್ಮನ ಒಂದು ಕೈ ಅತ್ತ, ಒಂದು ಕೈ ಇತ್ತ ಉದ್ದ ಆಗುತ್ತದೆ. ಏನಾದರೂ ಮಾಡಿ ಅಂತ ಅವಳು ಕೂಗಿದರೆ ಅಪ್ಪ ಮೇಜನ್ನೇ ಎತ್ತುತ್ತಾನೆ, ಮಕ್ಕಳು ಜೋತಾಡುತ್ತಿರುವಾಗಲೇ. ಬಾಗಿಲ ಗಂಟೆ ಹೊಡೆಯುತ್ತದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ, ಏನೂ ಆಗಿಲ್ಲದ ಹಾಗೆ! ನೆಂಟರು ಗೇಟು ತೆಗೆದ ಸದ್ದಿಗೆ ನಾವು ಮಾಡುವುದೂ ಅದೇ ತಾನೆ.

ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಗೊತ್ತು. ಹೊಯ್ಸಳೇಶ್ವರನ ಗೋಡೆಯ ಕೆಳಗಿನ ಸಾಲಲ್ಲಿ ಆನೆ, ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಅದರ ಮೇಲಿನ ಸಾಲುಗಳಲ್ಲಿ ರಾಮಾಯಣ, ಮಹಾಭಾರತ. ಇನ್ನೂ ಮೇಲೆ ದೇವರುಗಳು, ಅಜ್ಜಿ ಕೈಮುಗಿಯುವುದು ಅಲ್ಲಿಗೆ. ಗೋಡೆ ಒಂದೇ. ಈ ಚಿತ್ರವೂ ಹಾಗೆ, ಮಕ್ಕಳಿಗೊಂದು ಜೋಕು, ದೊಡ್ಡವರಿಗೊಂದು ಜೋಕು ಅಂತ ಬೇರೆ ಬೇರೆ ಬಡಿಸುವುದಿಲ್ಲ.

ಸೂಪರ್‌ಹೀರೋಗಳಿಗೆ ಬಟ್ಟೆ ಹೊಲಿಯುವ ಎಡ್ನಾ ಅಂತ ಒಬ್ಬ ಗಿಡ್ಡ ಹೆಂಗಸಿದ್ದಾಳೆ. ಅವಳಿಗೆ ದನಿ ಕೊಟ್ಟಿರುವುದು ನಿರ್ದೇಶಕ ಬರ್ಡ್ ಅವರೇ. ಬೆನ್ನಿಗೆ ಜೋತು ಬೀಳುವ ಆ ಮೇಲುವಸ್ತ್ರ ಬೇಡವೇ ಬೇಡ ಅನ್ನುತ್ತಾಳೆ. ಒಬ್ಬನದು ಲಿಫ್ಟಿಗೆ ಸಿಕ್ಕಿತು, ಇನ್ನೊಬ್ಬಳದು ವಿಮಾನದ ಇಂಜಿನ್ನಿಗೆ. ಬೈಕಿನ ಹಿಂದೆ ಕೂತವರಿಗೆ, ಸೆರಗು ಸುತ್ತಿಕೊಳ್ಳೇ, ಚಕ್ರಕ್ಕೆ ಸಿಕ್ಕುತ್ತೆ ಅಂತ ಕೂಗಿ ಹೇಳುವ ನಮ್ಮ ಅಜ್ಜಿಯರಿಗೆ ಎಡ್ನಾ ತಕ್ಷಣ ಅರ್ಥವಾಗುತ್ತಾಳೆ.

ನನಗೆ ಜಾಸ್ತಿ ಇಷ್ಟವಾಗುವುದು ವಿಮಾನದ ಭಾಗ. ಅಮ್ಮ, ಮಕ್ಕಳು ಇರುವ ವಿಮಾನದತ್ತ ಕ್ಷಿಪಣಿಗಳು ಬರುತ್ತಿವೆ. ರಕ್ಷಣೆಯ ಗುರಾಣಿ ಹಿಡಿ ಅಂತ ಅಮ್ಮ ಮಗಳಿಗೆ ಕೂಗುತ್ತಾಳೆ. ಹುಡುಗಿ ಹೆದರಿದ್ದಾಳೆ, ಆಗುವುದಿಲ್ಲ. ವಿಮಾನ ಚೂರಾಗುತ್ತದೆ. ಅಮ್ಮ ಮಕ್ಕಳನ್ನು ಹಿಡಿದುಕೊಂಡು ತಾನೇ ಪ್ಯಾರಾಚೂಟ್ ಆಗುತ್ತಾಳೆ. ನೀರಿಗೆ ಬಿದ್ದ ಮೇಲೆ ತಾನೇ ದೋಣಿ. ಹಿಂದೆ ಕಾಲು ಬಡಿಯುವ ಮಗ ಅದಕ್ಕೆ ಮೋಟಾರು. ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಗುಹೆಯಲ್ಲಿ ಅಮ್ಮ ಮಗಳಿಗೆ, ತಪ್ಪು ನಿನ್ನದಲ್ಲ, ಒಮ್ಮೆಲೇ ಅಷ್ಟೊಂದು ಕೇಳಿದ್ದು ಸರಿಯಲ್ಲ ಅನ್ನುತ್ತಾಳೆ. ಮಕ್ಕಳ ಮುಂದೆ ಹೀಗೆ ಒಪ್ಪಿಕೊಳ್ಳುವ ದೊಡ್ಡವರು ನಮ್ಮಲ್ಲಿ ಎಷ್ಟು ಜನ? ಸುಮ್ನೆ ಕೇಳಿದೆ. ಕ್ಷಿಪಣಿಗಿಂತ ಆ ಮಾತೇ ನನಗೆ ದೊಡ್ಡ ಸಾಹಸ.

ಇಂಗ್ಲಿಷ್ ಹಿಡಿಯದವರಿಗೆ ಹಿಂದಿ ಡಬ್ಬಿಂಗ್ ಇದೆ. ಅದರಲ್ಲಿ ಅಪ್ಪನಿಗೆ ಶಾರುಖ್ ಖಾನ್ ದನಿ, ಡ್ಯಾಶ್‌ಗೆ ಅವರ ಮಗ ಆರ್ಯನ್‌ದು. ಹಿಂದಿಯೂ ಬರದಿದ್ದರೆ ಪಕ್ಕದಲ್ಲೊಂದು ಮಗುವನ್ನು ಕೂರಿಸಿಕೊಳ್ಳಿ, ಕಥೆ ಹೇಳುತ್ತಾ ಹೋಗುತ್ತದೆ.

ಎರಡನೇ ಭಾಗ 2018ರಲ್ಲಿ ಬಂತು. ಅಮ್ಮ ಕೆಲಸಕ್ಕೆ ಹೋಗುತ್ತಾಳೆ, ಅಪ್ಪ ಮನೆಯಲ್ಲಿ ಮಗನ ಹೊಸ ಗಣಿತದ ಮುಂದೆ ತಲೆ ಕೆರೆದುಕೊಳ್ಳುತ್ತಾನೆ. ನಗು ಅಲ್ಲೂ ಇದೆ, ಆದರೆ ಖಳನಾಯಕನ ಕಥೆ ಮೊದಲಿನಷ್ಟು ಗಟ್ಟಿಯಿಲ್ಲ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಅದರ ಕೆಲವು ದೃಶ್ಯಗಳಲ್ಲಿ ಬೆಳಕು ಜೋರಾಗಿ ಮಿನುಗುತ್ತದೆ. ಚಿತ್ರ ಬಿಡುಗಡೆಯಾದಾಗ ಥಿಯೇಟರುಗಳಲ್ಲೂ ಈ ಬಗ್ಗೆ ಸೂಚನೆ ಹಾಕಿದ್ದರು. ಮನೆಯಲ್ಲಿ ಮೂರ್ಛೆ ರೋಗ ಇರುವವರಿದ್ದರೆ ಅವರಿಗೆ ಮೊದಲ ಭಾಗವೇ ಇರಲಿ.

ನಮಸ್ಕಾರ.