ಹಲ್ಲಿಗೆ ಅಂಟಿದ ನೀಲಿ

ಕೇಳುಗರೇ, ನಮಸ್ಕಾರ. ಬಣ್ಣದ ವಿಷಯವನ್ನು ರೇಡಿಯೋದಲ್ಲಿ ಹೇಳುವುದು ಸ್ವಲ್ಪ ತಮಾಷೆಯೇ. ಆದರೂ ಹೇಳುತ್ತೇನೆ.

ಮೊನ್ನೆ ಒಂದು ಪುಟ್ಟ ಸಾಕ್ಷ್ಯಚಿತ್ರ ನೋಡಿದೆ. ಅಚ್ಚಿನ ಯಂತ್ರ ಬರುವ ಮುಂಚೆ ಯುರೋಪಿನ ಮಠಗಳಲ್ಲಿ ಕೈಯಲ್ಲೇ ಬರೆದು, ಚಿತ್ರ ಬಿಡಿಸಿ, ಚಿನ್ನ ಹಚ್ಚಿದ ಪುಸ್ತಕಗಳ ಬಗ್ಗೆ. ಕಾಗದ ಅಲ್ಲ, ಚರ್ಮ. ಕರುವಿನದೋ ಕುರಿಯದೋ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ನುಣ್ಣಗಾಗುವ ತನಕ ಕೆರೆಯುತ್ತಿದ್ದರು. ಈ ಮಾತು ಬಂದಾಗೆಲ್ಲ ಜನ ಡಬ್ಲಿನ್‌ನಲ್ಲಿರುವ 'ಬುಕ್ ಆಫ್ ಕೆಲ್ಸ್' ಎಂಬ ಕೈಬರಹದ ಪುಸ್ತಕದ ಹೆಸರು ಹೇಳುತ್ತಾರೆ, ಕ್ರಿ.ಶ. 800ರ ಆಸುಪಾಸಿನದು. ಆದರೆ ಅದರಲ್ಲಿ ಚಿನ್ನವೇ ಇಲ್ಲ! ಆ ಹಳದಿಯೆಲ್ಲ ಅರದಾಳ ಅನ್ನುವ ಹಳದಿ ಖನಿಜ.

ನಿಜವಾದ ಚಿನ್ನ ಹಚ್ಚುವುದನ್ನು ನೋಡಬೇಕು. ಬಿಳಿ ಪುಡಿ, ಅಂಟು, ಚೂರು ಸಕ್ಕರೆಯೋ ಜೇನೋ ಕಲಸಿ ಅಕ್ಷರದ ಮೇಲೆ ಉಬ್ಬುವಂತೆ ಹಚ್ಚುತ್ತಾರೆ. ನಮ್ಮ ಮೈಸೂರು ಶೈಲಿ ಚಿತ್ರದ ಗೆಸ್ಸೊ, ಅಂದರೆ ಉಬ್ಬು ಲೇಪದ ಕೆಲಸ ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ಅದು ಒಣಗಿದ ಮೇಲೆ ಬಾಯಿ ಹತ್ತಿರ ತಂದು 'ಹಾ' ಅಂತ ಉಸಿರು ಬಿಡಬೇಕು, ಆ ತೇವಕ್ಕೆ ಅದು ಅಂಟಂಟಾಗುತ್ತದೆ, ಆಗಲೇ ಚಿನ್ನದ ರೇಕು ಇಟ್ಟು ಒತ್ತಿಬಿಡಬೇಕು. ಹೊಳಪು ಬರಲು ಉಜ್ಜುತ್ತಿದ್ದದ್ದು ಯಾವುದರಿಂದ ಗೊತ್ತಾ? ನಾಯಿ ಹಲ್ಲಿನಿಂದ.

ಹಲ್ಲು ಅಂದಾಗ ನೆನಪಾಯಿತು. ಜರ್ಮನಿಯ ಡಾಲ್‌ಹೈಮ್ ಎಂಬಲ್ಲಿ ಸನ್ಯಾಸಿನಿಯರ ಮಠ ಇತ್ತು. ಅಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಹೂತಿದ್ದ ಒಬ್ಬ ಹೆಂಗಸಿನ ಹಲ್ಲಿನ ಪಾಚಿಯಲ್ಲಿ ವಿಜ್ಞಾನಿಗಳಿಗೆ ನೀಲಿ ಕಣಗಳು ಸಿಕ್ಕವು. 2019ರಲ್ಲಿ ಇದು ಪ್ರಕಟವಾಯಿತು. ಅದು ಲ್ಯಾಪಿಸ್ ಲಜುಲಿ, ಆಗ ಅಫ್ಘಾನಿಸ್ತಾನದ ಗಣಿಯಿಂದ ಬರುತ್ತಿದ್ದ, ಚಿನ್ನಕ್ಕೆ ಸಮನಾದ ಬೆಲೆಯ ಕಲ್ಲು. ಕುಂಚದ ತುದಿ ಚೂಪಾಗಲಿ ಅಂತ ಆಗಾಗ ಬಾಯಿಗಿಡುತ್ತಿದ್ದಳು, ಹಾಗೆ ಬಣ್ಣ ಸೇರಿರಬೇಕು ಎಂದು ಅವರ ಊಹೆ. ಈ ಕೆಲಸ ಗಂಡಸರದ್ದೇ ಅಂದುಕೊಂಡಿದ್ದವರು ಬೆಚ್ಚಿಬಿದ್ದಿರಬೇಕು, ಅಲ್ವಾ? ಮುಂದೆ 14ನೇ ಶತಮಾನದಲ್ಲಿ ಆ ಮಠ ಸುಟ್ಟುಹೋಯಿತು.

ಯುರೋಪಿನ ಲಿಪಿಕಾರರು ಪುಸ್ತಕದ ಕೊನೆಯಲ್ಲಿ ಗೊಣಗುತ್ತಿದ್ದರಂತೆ: ಬರೆಯೋದು ಮೂರೇ ಬೆರಳು, ದಣಿಯೋದು ಇಡೀ ಮೈ. ನಮ್ಮ ಓಲೆಗರಿ ಬರೆದವರೂ ಕಮ್ಮಿ ಇಲ್ಲ, 'ಭಗ್ನಪೃಷ್ಠ ಕಟಿಗ್ರೀವ' ಅಂತ ಶ್ಲೋಕವನ್ನೇ ಕಟ್ಟಿಟ್ಟಿದ್ದಾರೆ. ಬೆನ್ನು, ಸೊಂಟ, ಕುತ್ತಿಗೆ ಎಲ್ಲ ಮುರಿಯಿತು, ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಇಟ್ಟುಕೊಳ್ಳಿ ಅಂತ. ಅರ್ಧ ಗಂಟೆ ಸುಮ್ನೆ ಕೂತು ಚಿತ್ರ ನೋಡಿದ ನಾನೂ ಏಳುವಾಗ ಸೊಂಟ ಹಿಡಿದುಕೊಂಡೇ ಎದ್ದೆ.